ಇವನು ಅವನಲ್ಲ

ಪುನರ್ಜನ್ಮದ ಪ್ರೇಮಕಥೆಗಳ ಮೇಲೆ ನನಗೆ ಮೊದಲಿಂದಲೂ ಒಂದು ತಕರಾರಿದೆ. ಹೋದ ಜನ್ಮದಲ್ಲಿ ಇಬ್ಬರು ಪ್ರೀತಿಸಿದ್ದರು, ಯಾರೋ ಬೇರೆ ಮಾಡಿದರು, ಸತ್ತರು, ಮತ್ತೆ ಹುಟ್ಟಿದರು, ಮತ್ತೆ ಸಿಕ್ಕರು. ಸರಿ. ಆದರೆ ಈಗ ಹುಟ್ಟಿರುವ ಹುಡುಗಿಗೆ ಅವಳದೇ ಒಂದು ತಲೆ ಇದೆ, ಮನೆ ಇದೆ, ಕೆಲಸ ಇದೆ, ಬೇಕು ಬೇಡ ಅನ್ನುವುದಿದೆ. ಯಾವನೋ ಬಂದು "ನೀನು ನನ್ನವಳು, ಇದು ಹಿಂದೆಯೇ ತೀರ್ಮಾನ ಆಗಿದೆ" ಅಂದರೆ ಅವಳು ಯಾಕೆ ಒಪ್ಪಬೇಕು? ನಮ್ಮ ಸಿನಿಮಾಗಳಲ್ಲಿ ಇದಕ್ಕೆ ಉತ್ತರ ಸುಲಭ. ಅದೇ ನಟ, ಅದೇ ನಟಿ, ಅದೇ ಮುಖ. ಹಳೇ ದೇವಸ್ಥಾನವೋ ಕೋಟೆಯೋ ಕಂಡ ಕೂಡಲೇ ತಲೆ ಹಿಡಿದುಕೊಂಡು ಒಮ್ಮೆ ಕೂಗಿದರೆ ಎಲ್ಲಾ ನೆನಪಾಗುತ್ತದೆ. ಅಲ್ಲಿಗೆ ಒಪ್ಪಿಗೆಯ ಪ್ರಶ್ನೆ ಮುಗಿಯಿತು.

ಈ ತಕರಾರನ್ನು ಮನಸ್ಸಿಗೆ ತೆಗೆದುಕೊಂಡು ಬರೆದ ಹಾಗಿರುವ ಒಂದು ಕಥೆ ನನಗೆ ಸಿಕ್ಕಿದ್ದು ಕೊರಿಯಾದ ಡ್ರಾಮಾದಲ್ಲಿ. 'ಹೋಟೆಲ್ ಡೆಲ್ ಲೂನಾ'. 2019ರ ಜುಲೈ 13ರಿಂದ ಸೆಪ್ಟೆಂಬರ್ 1ರವರೆಗೆ ಶನಿವಾರ, ಭಾನುವಾರ ಟಿವಿಎನ್ ಚಾನೆಲ್‌ನಲ್ಲಿ ಬಂದ 16 ಕಂತುಗಳು. ಬರೆದವರು ಅಕ್ಕತಂಗಿಯರು, ಹಾಂಗ್ ಜಂಗ್‌ಉನ್ ಮತ್ತು ಹಾಂಗ್ ಮಿರಾನ್. ಕೆ ಡ್ರಾಮಾ ನೋಡುವವರು ಸುಮ್ನೆ 'ಹಾಂಗ್ ಸಿಸ್ಟರ್ಸ್' ಅಂತಲೇ ಕರೆಯುತ್ತಾರೆ. ನಾಯಕಿ ಜಾಂಗ್ ಮಾನ್‌ವೊಲ್ ಆಗಿ ಹಾಡುಗಾರ್ತಿ ಐಯು, ನಾಯಕ ಕೂ ಚಾನ್‌ಸಂಗ್ ಆಗಿ ಯೋ ಜಿನ್‌ಗೂ. ಮುಂದೆ ಕಥೆಯ ಕೊನೆಯೂ ಸೇರಿ ಎಲ್ಲಾ ಹೇಳಿಬಿಡುತ್ತೇನೆ. ನೋಡಬೇಕು ಅಂದುಕೊಂಡವರು ನೋಡಿ ಬನ್ನಿ, ಬರಹ ಎಲ್ಲೂ ಹೋಗುವುದಿಲ್ಲ.

ಸೋಲ್ ನಗರದ ನಟ್ಟನಡುವೆ, ಅಂಗಡಿ ಬೀದಿಗಳ ಮ್ಯಂಗ್‌ಡಾಂಗ್‌ನಲ್ಲಿ ಒಂದು ಹೋಟೆಲಿದೆ. ಬದುಕಿರುವವರಿಗೆ ಅದು ಹಳೇ ಕಟ್ಟಡ, ಅಷ್ಟೆ. ಸತ್ತವರಿಗೆ ಮಾತ್ರ ಅದರ ನಿಜವಾದ ವೈಭವ ಕಾಣುತ್ತದೆ. ಸತ್ತ ಮೇಲೂ ಏನೋ ಬಾಕಿ ಉಳಿದು ಮುಂದೆ ಹೋಗಲಾಗದ ಪ್ರೇತಗಳು ಅಲ್ಲಿ ಬಂದು ತಂಗುತ್ತವೆ, ಬಾಕಿ ತೀರಿಸಿಕೊಳ್ಳುತ್ತವೆ, ಆಮೇಲೆ ಒಂದು ಸುರಂಗದ ಮೂಲಕ ನಡೆದು ಆಚೆ ಲೋಕಕ್ಕೆ ಹೊರಡುತ್ತವೆ. ಸುರಂಗದ ಆಚೆ ಸಾಮ್‌ದೋಚನ್ ನದಿ. ನಮ್ಮ ವೈತರಣಿ ಇದ್ದಂತೆ ಅಂದುಕೊಳ್ಳಿ. ಹೋಟೆಲಿನ ಒಡತಿ ಮಾನ್‌ವೊಲ್. ಅವಳು ಸಾಯದೆ, ಮುಪ್ಪಾಗದೆ 1,300 ವರ್ಷದಿಂದ ಅಲ್ಲೇ ಇದ್ದಾಳೆ. ಇರಲು ಇಷ್ಟಪಟ್ಟು ಅಲ್ಲ. ಹಿತ್ತಲಿನಲ್ಲಿರುವ ಒಂದು ಬೋಳು ಮರಕ್ಕೆ ಅವಳ ಆಯುಸ್ಸನ್ನು ಕಟ್ಟಿಹಾಕಲಾಗಿದೆ. ಮರ ಚಿಗುರುವವರೆಗೆ, ಹೂ ಬಿಡುವವರೆಗೆ, ಆ ಹೂ ಉದುರುವವರೆಗೆ ಅವಳಿಗೆ ಬಿಡುಗಡೆ ಇಲ್ಲ.

ಇದಕ್ಕೆ ಗಾಥಿಕ್ ಅಂತ ಯಾಕೆ ಹೇಳುತ್ತೇನೆ ಅಂದರೆ, ಆ ಜಾತಿಯ ಕಥೆಗೆ ಬೇಕಾದ ಸಾಮಾನೆಲ್ಲ ಇಲ್ಲಿದೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಶುರುವಾದ ಕಥೆಗಳವು. ಆಮೇಲೆ ಬೆಳೆದು ಒಂದು ಅಚ್ಚಿಗೆ ಬಂದು ನಿಂತವು. ಒಂದು ದೊಡ್ಡ ಹಳೇ ಮನೆ. ಸದಾ ಸಿಡುಕುವ, ಯಾವುದೋ ಹಳೇ ಪಾಪ ಹೊತ್ತುಕೊಂಡಿರುವ ಯಜಮಾನ. ಅಲ್ಲಿಗೆ ಸಂಬಳಕ್ಕೆ ಬಂದು ಸೇರುವ ಬಡ ಹುಡುಗಿ. ಬೀಗ ಹಾಕಿದ ಒಂದು ಕೋಣೆ, ರಾತ್ರಿ ಅಲ್ಲಿಂದ ಬರುವ ಸದ್ದು. ಲೂನಾ ಇಷ್ಟನ್ನೂ ತೆಗೆದುಕೊಂಡು ಗಂಡು ಹೆಣ್ಣನ್ನು ಅದಲು ಬದಲು ಮಾಡಿದೆ. ಇಲ್ಲಿ ಸಿಡುಕುವ ಯಜಮಾನ ಒಬ್ಬ ಹೆಂಗಸು. ಸಂಬಳಕ್ಕೆ ಬರುವವನು ಹಾರ್ವರ್ಡ್‌ನಲ್ಲಿ ಎಂಬಿಎ ಮಾಡಿದ, ಎಲ್ಲವನ್ನೂ ಲೆಕ್ಕ ಇಟ್ಟು ಮಾಡುವ, ದೆವ್ವ ಕಂಡರೆ ಎದ್ದೆನೋ ಬಿದ್ದೆನೋ ಅಂತ ಓಡುವ ಹುಡುಗ. ಬೀಗದ ಕೋಣೆಯೂ ಇದೆ, 13ನೇ ನಂಬರಿನದು. ಅದರ ಬಾಗಿಲ ತೂತಿನಲ್ಲಿ ಇವನು ಕಣ್ಣಿಟ್ಟು ನೋಡುವ ದೃಶ್ಯ ಇದೆಯಲ್ಲ, ಅದನ್ನು ರಾತ್ರಿ ಒಬ್ಬರೇ ನೋಡಬೇಡಿ.

ಚಾನ್‌ಸಂಗ್ ಅಲ್ಲಿಗೆ ಬರುವ ದಾರಿಯೂ ಹಳೇ ಕಥೆಯ ದಾರಿಯೇ. ಅವನ ಅಪ್ಪ ಚಿಲ್ಲರೆ ಕಳ್ಳ. ತಪ್ಪಿಸಿಕೊಂಡು ಓಡುತ್ತಾ ಸಾವಿನ ಅಂಚಿಗೆ ಹೋಗಿ ಈ ಹೋಟೆಲಿಗೆ ಕಾಲಿಡುತ್ತಾನೆ. ಮಾನ್‌ವೊಲ್ ಅವನ ಜೀವ ಉಳಿಸುತ್ತಾಳೆ, ಬದಲಿಗೆ 20 ವರ್ಷ ಆದಮೇಲೆ ನಿನ್ನ ಮಗನನ್ನು ನನಗೆ ಕೊಡು ಅನ್ನುತ್ತಾಳೆ. ಅಪ್ಪ ಒಪ್ಪುತ್ತಾನೆ. ಅಂದರೆ ಇವನು ಹುಟ್ಟಿಸಿದವನ ಸಾಲ ತೀರಿಸಲು ಬಂದವನು. ಹೋದ ಜನ್ಮದ ಸಾಲ ಅಲ್ಲ, ಇದೇ ಜನ್ಮದ್ದು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಇಡೀ ಡ್ರಾಮಾ ನಿಂತಿರುವುದು ಇದರ ಮೇಲೆ.

ಮಾನ್‌ವೊಲ್ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗುವುದು ಕಷ್ಟ. ಸಾವಿರ ವರ್ಷದ ಶಾಪಗ್ರಸ್ತೆ ಅಂದರೆ ಬಿಳಿ ಸೀರೆ, ಬಿಚ್ಚಿದ ಕೂದಲು, ನಿಟ್ಟುಸಿರು ಅಂತ ನಮಗೆ ಅಭ್ಯಾಸ. ಇವಳಿಗೆ ಶೋಕಿ ಜಾಸ್ತಿ. ಹೊಸ ಕಾರು ಬೇಕು, ಶಾಂಪೇನ್ ಬೇಕು, ದೃಶ್ಯಕ್ಕೊಂದು ಉಡುಪು ಬೇಕು. ಕಿಮ್ ಜುನ್‌ಹ್ಯನ್ ಅನ್ನುವ ಹಾಸ್ಯನಟ ಟಿವಿಯಲ್ಲಿ ಎಲ್ಲಿ ಏನು ತಿಂದನೋ ಅಲ್ಲಿಗೇ ಹೋಗಿ ಅದನ್ನೇ ತಿನ್ನಬೇಕು. ದುಡ್ಡಿನ ಆಸೆ ಎಷ್ಟೆಂದರೆ ಪ್ರೇತಗಳ ಹತ್ತಿರವೂ ವ್ಯವಹಾರ ಕುದುರಿಸುತ್ತಾಳೆ. ಮೊದಮೊದಲು ಇದೆಲ್ಲ ನಗಿಸಲಿಕ್ಕೆ ಇಟ್ಟದ್ದು ಅನಿಸುತ್ತದೆ. ನಿಧಾನಕ್ಕೆ ತಿಳಿಯುತ್ತದೆ, ಇವಳಿಗೆ ಕಾಲವೇ ನಿಂತುಹೋಗಿದೆ, ಹಸಿವು ಮತ್ತು ಆಸೆ ಬಿಟ್ಟರೆ ಇವತ್ತು ಅನ್ನುವುದಕ್ಕೆ ಅವಳ ಹತ್ತಿರ ಬೇರೆ ಗುರುತೇ ಇಲ್ಲ, ಅದಕ್ಕೇ ಹೊಸ ಬಟ್ಟೆ ಹೊಸ ತಿಂಡಿ ಅಂತ ಹಾತೊರೆಯುತ್ತಾಳೆ. ಐಯು ಇದನ್ನು ಮಾಡಿರುವ ರೀತಿಗೆ ನಾನು ಸೋತಿದ್ದೇನೆ. ಪುಟ್ಟ ಮೈಕಟ್ಟಿನ ಹುಡುಗಿ, ಆದರೆ ಕಣ್ಣಲ್ಲಿ ಎಲ್ಲವನ್ನೂ ನೋಡಿ ಮುಗಿಸಿದ ಮುದುಕಿ ಕೂತಿದ್ದಾಳೆ.

ಕಟ್ಟಡದ ಬಗ್ಗೆಯೂ ಹೇಳಬೇಕು. ಹೋಟೆಲಿನ ಹೊರಮೈ ಅಂತ ತೋರಿಸುವುದು ಸೋಲ್‌ನದ್ದಲ್ಲ. ದೇಶದ ನೈಋತ್ಯ ತುದಿಯ ಬಂದರು ಪಟ್ಟಣ ಮೊಕ್ಪೋದಲ್ಲಿರುವ ಕೆಂಪು ಇಟ್ಟಿಗೆಯ ಕಟ್ಟಡ ಅದು. 1900ರಲ್ಲಿ ಜಪಾನ್ ತನ್ನ ದೂತಾವಾಸಕ್ಕೆ ಅಂತ ಕಟ್ಟಿಸಿದ್ದು. ಹತ್ತು ವರ್ಷ ಆಗುವಷ್ಟರಲ್ಲಿ, 1910ರಲ್ಲಿ, ಜಪಾನ್ ಇಡೀ ಕೊರಿಯಾವನ್ನೇ ನುಂಗಿತು. 1945ರವರೆಗೆ ಬಿಡಲಿಲ್ಲ. ಈಗ ಅದು ಮ್ಯೂಸಿಯಂ. ಡ್ರಾಮಾ ಬಂದಮೇಲೆ ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಸೆಟ್ ಹಾಕಿ ಕಟ್ಟಬಹುದಾಗಿದ್ದ ದೆವ್ವದ ಮನೆಗೆ ಹೀಗೆ ಆಳಿದವರು ಬಿಟ್ಟುಹೋದ ಕಟ್ಟಡವನ್ನೇ ಆರಿಸಿದರಲ್ಲ, ಅದು ಬೇಕಂತಲೇ ಮಾಡಿದ್ದೋ ಚೆನ್ನಾಗಿ ಕಾಣುತ್ತದೆ ಅಂತ ಮಾಡಿದ್ದೋ, ಏನೇ ಇರಲಿ, ನನಗಂತೂ ಸರಿಯಾಗಿಯೇ ಕೂತಿತು. ಗಾಥಿಕ್ ಕಥೆಯ ಮನೆ ಯಾವತ್ತೂ ಬರೀ ಮನೆಯಲ್ಲ. ಅದು ಯಾರದೋ ಅನ್ಯಾಯದ ಮೇಲೆ ಎದ್ದಿರಬೇಕು.

ಒಳಗಿರುವ ಸಿಬ್ಬಂದಿ ನೋಡಿ. ಬಾರ್ ನೋಡಿಕೊಳ್ಳುವವನು ಜೊಸೊನ್ ರಾಜವಂಶದ ಕಾಲದ ಪಂಡಿತ, ಹೆಸರಿಗೆ ಹತ್ತಿದ ಕಳಂಕ ತೊಳೆದುಕೊಳ್ಳದೆ ಹೋಗಲಾರ. ಕೋಣೆಗಳ ಉಸ್ತುವಾರಿ ಹೆಂಗಸು ದೊಡ್ಡ ಮನೆತನದ ಸೊಸೆ. ಮಗುವನ್ನು ಕಳೆದುಕೊಂಡವಳು. ಆ ಮನೆತನದ ವಂಶ ಮುಗಿಯುವುದನ್ನು ಕಣ್ಣಾರೆ ನೋಡಿಯೇ ಹೋಗುತ್ತೇನೆ ಅಂತ ಪಟ್ಟು ಹಿಡಿದು ಕೂತಿದ್ದಾಳೆ. ಮುಂಬಾಗಿಲ ಕೌಂಟರ್‌ನಲ್ಲಿ ನಿಲ್ಲುವ ಹುಡುಗ ಜಿ ಹ್ಯನ್‌ಜುಂಗ್ 1950ರಲ್ಲಿ ಶುರುವಾದ ಕೊರಿಯಾ ಯುದ್ಧದ ಕಾಲದಲ್ಲಿ ಸತ್ತವನು. ಅವನು ಕಾಯುತ್ತಿರುವುದು ತಂಗಿಗಾಗಿ. ತಂಗಿ ಈಗ ಅಜ್ಜಿ. ಅಣ್ಣನಿಗೆ ಇನ್ನೂ ಹೈಸ್ಕೂಲ್ ವಯಸ್ಸು. ಕೊನೆಗೆ ಅವಳು ಸತ್ತು ಬಂದಾಗ ಇಬ್ಬರೂ ಜೊತೆಯಾಗಿ ಹೊರಡುತ್ತಾರೆ. ಪ್ರೇಮಿಗಳ ಕಥೆಗಿಂತ ಈ ಅಣ್ಣ ತಂಗಿಯ ಕಥೆಯೇ ಜಾಸ್ತಿ ಅಳಿಸುತ್ತದೆ, ಮತ್ತು ಇಲ್ಲಿ ಪುನರ್ಜನ್ಮದ ಮಾತೇ ಇಲ್ಲ. ಬರೀ ಕಾಯುವುದು.

ಸರಿ, ಪ್ರೇಮಕ್ಕೆ ಬರೋಣ. 1,300 ವರ್ಷದ ಹಿಂದೆ ಮಾನ್‌ವೊಲ್ ಒಂದು ದರೋಡೆ ಗುಂಪಿನ ನಾಯಕಿ. ಗೊಗುರ್ಯೊ ರಾಜ್ಯ 668ರಲ್ಲಿ ಬಿದ್ದಮೇಲೆ ನೆಲೆ ಇಲ್ಲದಾದ ಜನ ಅವರು. ಜೊತೆಗೆ ತಮ್ಮನಂತಿದ್ದ ಯೋನ್‌ವೂ. ಎದುರು ಪಾಳೆಯದ ಸೇನಾಧಿಕಾರಿ ಗೋ ಚಂಗ್‌ಮ್ಯಂಗ್ ಜೊತೆ ಅವಳಿಗೆ ಸ್ನೇಹವಾಗುತ್ತದೆ, ಪ್ರೀತಿಯೂ ಆಗುತ್ತದೆ, ಆಮೇಲೆ ಅವನೇ ಮೋಸ ಮಾಡಿ ತನ್ನವರನ್ನು ಸಾಯಿಸಿದ ಅಂತ ಅವಳು ನಂಬುತ್ತಾಳೆ. ಯೋನ್‌ವೂ ಸಾಯುತ್ತಾನೆ. ಆ ಅಧಿಕಾರಿಯನ್ನು ಮದುವೆಯಾಗಬೇಕಿದ್ದ ರಾಜಕುಮಾರಿ ಸೋಂಗ್‌ಹ್ವಾಳನ್ನು ಮಾನ್‌ವೊಲ್ ಸೇಡಿನಿಂದ ಕೊಲ್ಲುತ್ತಾಳೆ. ರಕ್ತ ಹತ್ತಿದ ಆ ಕೈಗಳಿಗೆ ಸಿಕ್ಕ ಶಿಕ್ಷೆಯೇ ಈ ಹೋಟೆಲು. ಆಗ ಅದು ಹೋಟೆಲಲ್ಲ, ಚಂದ್ರನ ಛತ್ರ. ಶಿಕ್ಷೆ ಕೊಟ್ಟವಳು ಮಾಗೋ ಅಜ್ಜಿ, ಕೊರಿಯಾದ ಜನಪದದಲ್ಲಿ ಬೆಟ್ಟ ಗುಡ್ಡಗಳನ್ನು ಮಾಡಿದವಳು ಅಂತ ಹೇಳುವ ಆದಿಮಾತೆ. ಡ್ರಾಮಾದಲ್ಲಿ ಅವಳಿಗೆ ಹಲವು ಅಕ್ಕತಂಗಿಯರು. ಎಲ್ಲರೂ ಸೋ ಯಿಸುಕ್ ಅನ್ನುವ ಒಬ್ಬರೇ ನಟಿ. ಒಬ್ಬಳು ಕರುಣೆ ತೋರಿದರೆ ಇನ್ನೊಬ್ಬಳು ಉರಿದುಬೀಳುತ್ತಾಳೆ.

ಈಗ ನೋಡುವವರು ಏನು ಊಹಿಸುತ್ತಾರೆ? ನಾನೂ ಅದನ್ನೇ ಊಹಿಸಿದೆ, ನೀವೂ ಅದನ್ನೇ ಊಹಿಸುತ್ತೀರಿ. ಚಾನ್‌ಸಂಗ್ ಬಂದ. ಸಾವಿರ ವರ್ಷ ಬೋಳಾಗಿದ್ದ ಮರ ಚಿಗುರಿತು. ಅವನ ಕನಸಿನಲ್ಲಿ ಅವಳ ಹಳೇ ಬದುಕು ಕಾಣುತ್ತದೆ. ಹಾಗಾದರೆ ಇವನೇ ಚಂಗ್‌ಮ್ಯಂಗ್! ಮತ್ತೆ ಹುಟ್ಟಿ ಬಂದಿದ್ದಾನೆ! ಡ್ರಾಮಾ ಈ ಊಹೆಗೆ ನೀರು ಗೊಬ್ಬರ ಹಾಕುತ್ತಾ ಹೋಗುತ್ತದೆ. ಮಾನ್‌ವೊಲ್‌ಗೂ ಅದೇ ಅನುಮಾನ. ಅನುಮಾನ ಅಂದರೆ ಹಿತವಾದ ಅನುಮಾನ ಅಲ್ಲ. ಇವನು ಅವನೇ ಆಗಿದ್ದರೆ ಅವಳು ಪ್ರೀತಿಸುವುದಲ್ಲ, ಕೊಲ್ಲಬೇಕು. ಸಾವಿರ ವರ್ಷ ಅವಳು ಕಾದದ್ದೇ ಅದಕ್ಕೆ.

ಆದರೆ ಇವನು ಅವನಲ್ಲ. ಚಂಗ್‌ಮ್ಯಂಗ್ ಮತ್ತೆ ಹುಟ್ಟಲೇ ಇಲ್ಲ. ಅವನು ಒಂದು ಮಿಂಚುಹುಳುವಾಗಿ, ಅವಳಿಗೆ ಗುರುತು ಸಿಗದಂತೆ, ಅಷ್ಟೂ ವರ್ಷ ಅವಳ ಸುತ್ತಲೇ ಇದ್ದ. ಮೋಸ ಮಾಡಿದ್ದೂ ಸುಳ್ಳು. ಅವಳನ್ನು ಉಳಿಸಲು ಮೋಸಗಾರ ಅನ್ನುವ ಹೆಸರನ್ನು ತಾನೇ ಹೊತ್ತುಕೊಂಡಿದ್ದ. ಸತ್ಯ ಗೊತ್ತಾದಮೇಲೆ ಮಾನ್‌ವೊಲ್ ಏನು ಮಾಡುತ್ತಾಳೆ? ಅವನ ಕೈ ಹಿಡಿದು "ಇಷ್ಟು ದಿನ ನಿನ್ನನ್ನು ತಪ್ಪು ತಿಳಿದಿದ್ದೆ, ಬಾ ಮತ್ತೆ ಶುರು ಮಾಡೋಣ" ಅನ್ನುವುದಿಲ್ಲ. ಅವನನ್ನು ನದಿಯ ಸೇತುವೆಯವರೆಗೆ ಕರೆದುಕೊಂಡು ಹೋಗಿ ಆಚೆ ಕಳಿಸಿ ಬರುತ್ತಾಳೆ. ಋಣ ತೀರಿತು. ಹೋಟೆಲಿನಲ್ಲಿ ಕಾಯುತ್ತಿರುವವನು ಬೇರೆ, ಅವನಿಗೂ ಆ ಹಳೇ ಕಥೆಗೂ ಸಂಬಂಧವಿಲ್ಲ, ಮತ್ತು ಅವಳಿಗೆ ಈಗ ಬೇಕಾದವನು ಅವನೇ.

ಇದನ್ನು ನೋಡಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಯಾಕೆಂದರೆ ಪುನರ್ಜನ್ಮದ ಕಥೆಯಲ್ಲಿ ಹೊಸಬನಿಗೆ ಯಾವತ್ತೂ ಜಾಗ ಇರುವುದಿಲ್ಲ. ಹೋದ ಜನ್ಮದ ಚೀಟಿ ಕೈಯಲ್ಲಿ ಹಿಡಿದು ಬಂದವನಿಗೇ ಹುಡುಗಿ. ಪಾಪದ ಹೊಸಬ ಎಷ್ಟೇ ಒಳ್ಳೆಯವನಾದರೂ ಕೊನೆಗೆ ಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟಬೇಕು. ಇಲ್ಲಿ ಹೊಸಬನೇ ಗೆದ್ದ. ಗೆದ್ದದ್ದು ಯಾವ ಪವಾಡದಿಂದಲೂ ಅಲ್ಲ. ಅವನು ದಿನಾ ಕೆಲಸಕ್ಕೆ ಬಂದ. ಅವಳ ಖರ್ಚಿಗೆ ಕಡಿವಾಣ ಹಾಕಿದ, ಜಗಳ ಆಡಿದ, ಹೆದರಿಕೊಂಡೇ 13ನೇ ಕೋಣೆಯ ಪ್ರೇತದ ಕಥೆ ಕೇಳಿದ. ಅವಳನ್ನು ಕಳಿಸಿಕೊಡುವುದು ತನ್ನ ಕೆಲಸ ಅಂತ ಗೊತ್ತಿದ್ದೂ ಪ್ರೀತಿಸಿದ. ಅವನ ಹತ್ತಿರ ಹಕ್ಕುಪತ್ರ ಇರಲಿಲ್ಲ.

ಡ್ರಾಮಾದಲ್ಲಿ ಮತ್ತೆ ಹುಟ್ಟಿದವರು ಯಾರೂ ಇಲ್ಲ ಅಂತಲ್ಲ. ಇದ್ದಾರೆ, ಮತ್ತು ಅದೇ ನಿಜವಾದ ತಮಾಷೆ. ರಾಜಕುಮಾರಿ ಸೋಂಗ್‌ಹ್ವಾ ಈ ಜನ್ಮದಲ್ಲಿ ಮಿರಾ, ಚಾನ್‌ಸಂಗ್‌ನ ಹಳೇ ಗೆಳತಿ. ಯೋನ್‌ವೂ ಈ ಜನ್ಮದಲ್ಲಿ ಯಂಗ್‌ಸೂ, ಪೊಲೀಸ್ ಪತ್ತೇದಾರ. ಆ ಜನ್ಮದಲ್ಲಿ ಇವನ ಸಾವಿಗೆ ಅವಳೇ ಕಾರಣ. ಈ ಜನ್ಮದಲ್ಲಿ ಇಬ್ಬರಿಗೂ ಏನೂ ನೆನಪಿಲ್ಲ. ಇಬ್ಬರೂ ಜೋಡಿಯಾಗುತ್ತಾರೆ!

ಮಾನ್‌ವೊಲ್ ಜಾಗದಲ್ಲಿ ನಿಂತು ನೋಡಿ. ನಿನ್ನ ತಮ್ಮನನ್ನು ಕೊಲ್ಲಿಸಿದವಳು ಈಗ ಅದೇ ತಮ್ಮನ ಕೈ ಹಿಡಿದು ನಡೆಯುತ್ತಿದ್ದಾಳೆ. ಅವರಿಬ್ಬರಿಗೂ ಸುಖ. ಸಾವಿರ ವರ್ಷದ ಉರಿ ಉಳಿದಿರುವುದು ನಿನ್ನೊಬ್ಬಳ ಹೊಟ್ಟೆಯಲ್ಲಿ. ಏನು ಮಾಡುತ್ತೀ? ತಮ್ಮನಿಗೆ ಹೇಳುತ್ತೀಯಾ? ಹೇಳಿದರೂ ಅವನು ನಿನ್ನ ತಮ್ಮನಲ್ಲ, ಬೇರೆ ಅಪ್ಪ ಅಮ್ಮನ ಮಗ, ಸಂಬಳ ತೆಗೆದುಕೊಳ್ಳುವ ಪೊಲೀಸು. ಅವನಿಗೆ ನೀನು ಯಾರೋ ಒಬ್ಬ ವಿಚಿತ್ರ ಹೆಂಗಸು. ಸೇಡು ತೀರಿಸಿಕೊಂಡರೂ ಕೊಲ್ಲುವುದು ಆ ರಾಜಕುಮಾರಿಯನ್ನಲ್ಲ, ಅವಳ ಮುಖ ಇರುವ ಯಾರನ್ನೋ. ನೆನಪಿಟ್ಟುಕೊಂಡವರಿಗೆ ಮಾತ್ರ ಶಿಕ್ಷೆ, ಮರೆತವರಿಗೆ ಬಿಡುಗಡೆ. ಕೇಳಲು ಇದು ಅನ್ಯಾಯ ಅನಿಸುತ್ತದೆ. ಮರೆತವರಿಗೆ ಶಿಕ್ಷೆ ಕೊಟ್ಟರೂ ಅನ್ಯಾಯವೇ ಅಲ್ವಾ? ಏನೂ ಗೊತ್ತಿಲ್ಲದವಳ ಕುತ್ತಿಗೆಗೆ ಸಾವಿರ ವರ್ಷದ ಹಳೇ ಕೊಲೆ ಕಟ್ಟುವುದು ಯಾವ ನ್ಯಾಯ? ಹಾಂಗ್ ಅಕ್ಕತಂಗಿಯರು ಈ ಗಂಟನ್ನು ಬಿಡಿಸಲು ಹೋಗುವುದಿಲ್ಲ. ನಮ್ಮ ಮುಂದೆ ಇಟ್ಟು, ನಡುವೆ ಒಂದಿಷ್ಟು ಜೋಕು ಹೊಡೆದು ಮುಂದೆ ಹೋಗುತ್ತಾರೆ.

ನಮಗೆ ಈ ಲೆಕ್ಕ ಹೊಸದೇನಲ್ಲ. ಯಾರೋ ಗುರುತಿಲ್ಲದವರು ಸಹಾಯ ಮಾಡಿದರೆ "ಯಾವ ಜನ್ಮದ ಋಣಾನುಬಂಧವೋ" ಅನ್ನುವವರು ನಾವು. ಹೊಂದದ ಮದುವೆಗೂ ಅದೇ ಮಾತು, "ಅನುಭವಿಸಿ ತೀರಿಸಬೇಕು". ಕೊರಿಯಾಕ್ಕೆ ಬೌದ್ಧ ಧರ್ಮ ಹೋದದ್ದು ಕ್ರಿ.ಶ. 372ರಲ್ಲಿ, ಚೀನಾದ ಮೂಲಕ, ಅದೇ ಗೊಗುರ್ಯೊ ರಾಜ್ಯಕ್ಕೆ ಮೊದಲು. ಜನ್ಮಾಂತರ, ಕರ್ಮ ಎಲ್ಲಾ ಜೊತೆಗೇ ಹೋಯಿತು. ಅಲ್ಲಿ ಸತ್ತವರಿಗೆ 49ನೇ ದಿನ ದೊಡ್ಡ ಪೂಜೆ ಮಾಡುವ ಪದ್ಧತಿ ಇವತ್ತಿಗೂ ಇದೆ. ಅಷ್ಟರೊಳಗೆ ಮುಂದಿನ ಹುಟ್ಟು ತೀರ್ಮಾನ ಆಗುತ್ತದೆ ಅನ್ನುವ ನಂಬಿಕೆ. ನಮ್ಮಲ್ಲಿ ಹಲವರ ಮನೆಯಲ್ಲಿ 13ನೇ ದಿನಕ್ಕೆ ವೈಕುಂಠ ಸಮಾರಾಧನೆ ಮುಗಿಸಿ ಕಳಿಸಿಬಿಡುತ್ತೇವೆ. ಹಾಗಾಗಿ ಈ ಡ್ರಾಮಾಗಳನ್ನು ನೋಡುವಾಗ ನಮಗೆ ಏನನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಬಾಕಿ ಇಟ್ಟುಕೊಂಡು ಸತ್ತವರು ಅಲೆಯುತ್ತಾರೆ ಅಂದರೆ ನಮ್ಮ ಅಜ್ಜಿಯಂದಿರೂ "ಹೌದು ಮತ್ತೆ" ಅನ್ನುತ್ತಿದ್ದರು.

ಲೂನಾ ಇಷ್ಟಪಟ್ಟವರು 'ಗಾಬ್ಲಿನ್' ನೋಡಿರುತ್ತಾರೆ, ಅಥವಾ ಅದನ್ನು ನೋಡಿಯೇ ಇದಕ್ಕೆ ಬಂದಿರುತ್ತಾರೆ. 2016ರ ಡಿಸೆಂಬರ್‌ನಿಂದ 2017ರ ಜನವರಿವರೆಗೆ ಅದೇ ಟಿವಿಎನ್‌ನಲ್ಲಿ ಬಂದದ್ದು, ಕಿಮ್ ಉನ್‌ಸುಕ್ ಬರೆದದ್ದು. ಗೊರ್ಯೊ ಅನ್ನುವ ಹಳೇ ರಾಜವಂಶದ ಕಾಲದ ಸೇನಾಪತಿ ಕಿಮ್ ಶಿನ್‌ನನ್ನು ಹೊಟ್ಟೆಕಿಚ್ಚಿನ ರಾಜನೊಬ್ಬ ಕೊಲ್ಲಿಸುತ್ತಾನೆ. ಎದೆಗೆ ಚುಚ್ಚಿದ ಕತ್ತಿಯ ಸಮೇತ ಅವನು ಅಮರನಾಗಿ ಎದ್ದು ದೊಕ್ಕೇಬಿ, ಅಂದರೆ ಇಂಗ್ಲಿಷ್ ಹೆಸರಿನ ಆ ಗಾಬ್ಲಿನ್, ಆಗುತ್ತಾನೆ. ಆ ಕತ್ತಿ ಒಬ್ಬಳಿಗೆ ಮಾತ್ರ ಕಾಣುತ್ತದೆ, ಅವಳೇ ಅವನ ಮದುಮಗಳು, ಅವಳು ಕತ್ತಿ ಕಿತ್ತರೆ ಅವನಿಗೆ ಮುಕ್ತಿ. ಅಂದಹಾಗೆ ಕೊರಿಯಾದ ಹಳ್ಳಿ ಕಥೆಗಳ ದೊಕ್ಕೇಬಿ ಹೀಗೆ ಉದ್ದ ಕೋಟು ಹಾಕಿಕೊಂಡು ಕೆನಡಾದ ಕ್ವಿಬೆಕ್‌ನಲ್ಲಿ ಓಡಾಡುವ ಸುಂದರಾಂಗನಲ್ಲ. ಹಳೇ ಪೊರಕೆಯಂಥ ಬಿಸಾಕಿದ ವಸ್ತುವಿನಿಂದ ಹುಟ್ಟುವ, ದಾರಿಹೋಕರನ್ನು ಕುಸ್ತಿಗೆ ಕರೆಯುವ, ಬಕ್‌ವೀಟ್ ಅನ್ನುವ ಧಾನ್ಯದ ತಿಂಡಿಗೆ ಬಾಯಿಬಿಡುವ ತುಂಟ ಭೂತ. ಡ್ರಾಮಾದಲ್ಲಿ ಬರುವ ಬಿಳಿ ಹೂಗಳ ಹೊಲ ಅದೇ ಬೆಳೆಯದ್ದು.

ಗಾಬ್ಲಿನ್‌ನ ಮುಖ್ಯ ಜೋಡಿ ನನಗೆ ಅಷ್ಟು ಹಿಡಿಸಲಿಲ್ಲ. ಹೈಸ್ಕೂಲ್ ಹುಡುಗಿ, 939 ವರ್ಷದ ಗಂಡಸು. ಕಿಮ್ ಶಿನ್ ಆಗಿ ನಟ ಗಾಂಗ್ ಯೂ ಎಷ್ಟೇ ಚೆನ್ನಾಗಿ ಮಾಡಿದರೂ ಅದು ಒಳಗೆಲ್ಲೋ ಚುಚ್ಚುತ್ತದೆ. ಕೊನೆಯಲ್ಲಿ ಅವಳು ಸತ್ತು, ಮತ್ತೆ ಹುಟ್ಟಿ ಬರುವಾಗಲೂ ಯೂನಿಫಾರ್ಮ್ ಹಾಕಿದ ಶಾಲಾ ಹುಡುಗಿಯಾಗಿಯೇ ಬರುತ್ತಾಳೆ. ಸ್ವಲ್ಪ ದೊಡ್ಡವಳಾಗಿ ಬಂದಿದ್ದರೆ ಏನು ಗಂಟು ಹೋಗುತ್ತಿತ್ತು? ಒಂದು ಮಾತು ಮಾತ್ರ ಒಪ್ಪುತ್ತೇನೆ. ಆ ಲೋಕದಲ್ಲಿ ಸತ್ತವರಿಗೆ ಯಮದೂತ ಒಂದು ಕಪ್ ಚಹಾ ಕೊಡುತ್ತಾನೆ, ಕುಡಿದರೆ ಹಳೆಯದೆಲ್ಲಾ ಮರೆತುಹೋಗುತ್ತದೆ. ಇವಳು ಬೇಡ ಅನ್ನುತ್ತಾಳೆ. ನೆನಪಿಟ್ಟುಕೊಂಡು ಹೋಗುವ ಕಷ್ಟವನ್ನು ತಾನೇ ಆರಿಸಿಕೊಳ್ಳುತ್ತಾಳೆ. ಹೀಗಾಗಿ ಅಲ್ಲಿ ಒಪ್ಪಿಗೆಯಾದರೂ ಇದೆ.

ನನಗೆ ಬೇಕಾದದ್ದು ಅದರ ಎರಡನೇ ಜೋಡಿ. ಯಮದೂತ, ಅಂದರೆ ಕರಿ ಟೋಪಿ ಹಾಕಿಕೊಂಡು ಸತ್ತವರನ್ನು ಕರೆದೊಯ್ಯುವ ಲೀ ಡಾಂಗ್‌ವುಕ್, ಮತ್ತು ಕೋಳಿ ಕರಿದು ಮಾರುವ ಅಂಗಡಿಯ ಒಡತಿ ಸನ್ನಿ. ಅವಳ ಪಾತ್ರದಲ್ಲಿ ಯೂ ಇನ್ನಾ. ಅವನಿಗೆ ತಾನು ಯಾರು ಅಂತಲೇ ನೆನಪಿಲ್ಲ, ಹೆಸರೂ ಇಲ್ಲ. ಒಂದು ಹಳೇ ಚಿತ್ರಪಟದಲ್ಲಿರುವ ರಾಣಿಯ ಮುಖ ನೋಡಿದರೆ ಯಾಕೋ ಅಳು ಬರುತ್ತದೆ. ಆಮೇಲೆ ತಿಳಿಯುತ್ತದೆ, ಸೇನಾಪತಿಯನ್ನು ಕೊಲ್ಲಿಸಿದ ರಾಜ ಇವನೇ. ರಾಣಿ ಆ ಸೇನಾಪತಿಯ ತಂಗಿ. ಅವಳೂ ಆ ದಿನವೇ ಬಾಣ ತಗುಲಿ ಸತ್ತಳು. ಸನ್ನಿ ಅವಳ ಮರುಹುಟ್ಟು. ಅವನು ಆಮೇಲೆ ತನ್ನನ್ನು ತಾನೇ ಕೊಂದುಕೊಂಡ. ಆ ಪಾಪಕ್ಕೇ ನೆನಪು ಕಳೆದುಕೊಂಡು ಯಮದೂತನ ಕೆಲಸ ಮಾಡುತ್ತಿದ್ದಾನೆ.

ಎಲ್ಲಾ ಗೊತ್ತಾದಮೇಲೆ ಸನ್ನಿ ಒಂದು ಕೆಲಸ ಮಾಡುತ್ತಾಳೆ. ಅವನನ್ನು ಪ್ರೀತಿಸುತ್ತಾಳೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಈ ಜನ್ಮದಲ್ಲಿ ನಿನ್ನ ಜೊತೆ ಇರುವುದಿಲ್ಲ ಅನ್ನುತ್ತಾಳೆ. ಅಣ್ಣನನ್ನು ಕೊಲ್ಲಿಸಿದವನು ನೀನು, ಕ್ಷಮಿಸಲು ನನ್ನಿಂದ ಆಗುವುದಿಲ್ಲ, ಇಷ್ಟು ಶಿಕ್ಷೆಯಾದರೂ ಇರಲಿ. ಹೇಳಿ ಹೊರಟುಹೋಗುತ್ತಾಳೆ. ಕೆ ಡ್ರಾಮಾಗಳಲ್ಲಿ ಪುನರ್ಜನ್ಮ ಅಂದರೆ ಎರಡನೇ ಅವಕಾಶ, ಮಾಡಿದ್ದೆಲ್ಲ ಮಾಫಿ. ಇವಳು ಆ ಅವಕಾಶವನ್ನೇ ಮಡಚಿ ವಾಪಸ್ ಕೊಟ್ಟಳು. ಅವನ ಕಡೆಯ ಕೆಲಸ ಅಂದರೆ ಅವಳ ಜೀವವನ್ನು ಕರೆದೊಯ್ಯುವುದು. ಆಗ ಇಬ್ಬರೂ ಒಟ್ಟಿಗೆ ಹೋಗುತ್ತಾರೆ. ಮುಂದಿನ ಹುಟ್ಟಿನಲ್ಲಿ ಅವನು ಪೊಲೀಸು, ಅವಳು ನಟಿ, ಮತ್ತೆ ಪ್ರೇಮ. ಬಾಕಿ ಪೂರ್ತಿ ಕಟ್ಟಿದಮೇಲೆ ಸಿಕ್ಕಿದ್ದಕ್ಕೇ ಆ ಸುಖ ನನಗೆ ಹಗುರ ಅನಿಸಲಿಲ್ಲ. ಕೊನೆಯ ಕಂತಿನಲ್ಲಿ 20 ಪರ್ಸೆಂಟ್ ದಾಟಿತು ರೇಟಿಂಗು, ಕೊರಿಯಾದ ಕೇಬಲ್ ಚಾನೆಲ್‌ಗಳ ಡ್ರಾಮಾದಲ್ಲಿ ಅಷ್ಟು ಮೇಲೆ ಹೋದ ಮೊದಲನೆಯದು. ಅದರಲ್ಲಿ ಒಂದು ಪಾಲು ಸನ್ನಿಗೆ ಸಲ್ಲಬೇಕು ಅನ್ನುವುದು ನನ್ನ ವಾದ.

ಇದೇ ಸಾಲಿನಲ್ಲಿ 2017ರ 'ಶಿಕಾಗೋ ಟೈಪ್‌ರೈಟರ್' ಕೂಡ ಇದೆ, ಅಷ್ಟು ಜನ ನೋಡಿಲ್ಲ. ಅಲ್ಲಿ ಮೂವರ ಹೋದ ಜನ್ಮ 1930ರ ದಶಕದ ಸೋಲ್‌ನಲ್ಲಿ, ಜಪಾನೀಯರ ವಿರುದ್ಧ ಗುಟ್ಟಾಗಿ ಹೋರಾಡುವ ಗುಂಪಿನಲ್ಲಿ. ಇಬ್ಬರು ಮತ್ತೆ ಹುಟ್ಟಿದ್ದಾರೆ, ಒಬ್ಬ ಮಾತ್ರ ಹುಟ್ಟದೆ ಹಳೇ ಟೈಪ್‌ರೈಟರ್‌ಗೆ ಅಂಟಿಕೊಂಡ ಭೂತವಾಗಿದ್ದಾನೆ. ಅಲ್ಲಿ ಪ್ರೇಮಕ್ಕಿಂತ ದೊಡ್ಡ ಬಾಕಿ ದೇಶದ್ದು. ನೋಡದೆ ಇದ್ದರೆ ನೋಡಿ, ಮೊದಲ ನಾಲ್ಕು ಕಂತು ಸ್ವಲ್ಪ ತಾಳ್ಮೆ ಬೇಕು.

ಲೂನಾದಲ್ಲಿ ಎಲ್ಲವೂ ಚೆಂದ ಅಂತ ನಾನು ಹೇಳುತ್ತಿಲ್ಲ. ವಾರಕ್ಕೊಂದು ದೆವ್ವ ಅನ್ನುವ ಲೆಕ್ಕದಲ್ಲಿ ನಡುವಿನ ಕೆಲವು ಕಂತು ಎಳೆದಂತಿವೆ. ಕಾಫಿ, ಮೇಕಪ್ಪು, ತಿಂಡಿಯ ಜಾಹೀರಾತುಗಳು ದೃಶ್ಯದೊಳಗೇ ನುಸುಳಿ ಅಳುವ ಹೊತ್ತಿನಲ್ಲಿ ನಗಿಸುತ್ತವೆ. ಕೊಲೆಗಾರ ಖಳನ ಕಥೆ ಬೇಕಿರಲೇ ಇಲ್ಲ. ಮಿರಾ ಪಾತ್ರಕ್ಕೆ ಅಷ್ಟು ದೊಡ್ಡ ಹಿನ್ನೆಲೆ ಕೊಟ್ಟು, ಈ ಜನ್ಮದಲ್ಲಿ ಅವಳ ಮನಸ್ಸಿನಲ್ಲಿ ಏನಿದೆ ಅಂತ ಹೇಳಲು ಹೆಚ್ಚು ಹೊತ್ತು ಕೊಟ್ಟಿಲ್ಲ. ಮರೆತವರ ಕಡೆಯಿಂದಲೂ ಒಂದು ಕಂತು ಬೇಕಿತ್ತು.

ಕೊನೆಗೆ ಹೂ ಉದುರುತ್ತದೆ. ಸಿಬ್ಬಂದಿ ಒಬ್ಬೊಬ್ಬರಾಗಿ ಹೋಗುತ್ತಾರೆ, ಆಮೇಲೆ ಮಾನ್‌ವೊಲ್ ಹೋಗುತ್ತಾಳೆ. ಚಾನ್‌ಸಂಗ್ ಅಡ್ಡ ನಿಲ್ಲುವುದಿಲ್ಲ. ಕಳಿಸಿಕೊಡುತ್ತಾನೆ. ಆಮೇಲೆ ಯಾವುದೋ ಕಾಲದಲ್ಲಿ, ಹಗಲು ಬೆಳಕಿನಲ್ಲಿ ಇಬ್ಬರೂ ಮತ್ತೆ ಜೊತೆಯಾದಂತೆ ಒಂದು ಚಿಕ್ಕ ದೃಶ್ಯ ಬರುತ್ತದೆ. ಮುಂದಿನ ಜನ್ಮವೋ, ಅವನ ಆಸೆಯೋ, ಬಿಡಿಸಿ ಹೇಳುವುದಿಲ್ಲ. ನೋಡಿದವರಲ್ಲಿ ಇದರ ಬಗ್ಗೆ ಎರಡು ಪಕ್ಷ ಇದೆ. ನಾನು ಆಸೆಯ ಪಕ್ಷ. ಅದು ನಿಜವಾಗಿಯೂ ಮುಂದಿನ ಜನ್ಮವೇ ಆಗಿದ್ದರೆ ಚಾನ್‌ಸಂಗ್‌ನೂ ಮಿಕ್ಕವರ ಹಾಗೆ ಹೋದ ಜನ್ಮದ ಚೀಟಿ ಹಿಡಿದು ಬಂದವನಾಗಿಬಿಡುತ್ತಾನೆ. ಅಲ್ಲಿಯವರೆಗೆ ಕಷ್ಟಪಟ್ಟು ಕಟ್ಟಿದ್ದನ್ನು ಆ ಒಂದೇ ದೃಶ್ಯ ಕೆಡವಿದಂತಾಗುತ್ತದೆ.

ಆಮೇಲೆ ಇನ್ನೊಂದು ತುಣುಕು. ಹೋಟೆಲಿಗೆ ಹೊಸ ಒಡೆಯ ಬರುತ್ತಾನೆ, 'ಬ್ಲೂ ಮೂನ್' ಅಂತ ಹೊಸ ಬೋರ್ಡು, ಬಾಗಿಲಲ್ಲಿ ನಟ ಕಿಮ್ ಸೂಹ್ಯನ್. ಎರಡನೇ ಭಾಗ ಬರುತ್ತದೆ ಅಂತ ಜನ ಕುಣಿದಾಡಿದರು. ನನಗೆ ಬೇಡ. ಮನೆ ನಡೆಯಲಿ, ಪ್ರೇತಗಳು ಬಂದು ಹೋಗುತ್ತಿರಲಿ, ಯಾರಾದರೂ ನೋಡಿಕೊಳ್ಳಲೇಬೇಕಲ್ಲ. ಆದರೆ ಹೊಸ ಒಡೆಯನ ಹೋದ ಜನ್ಮದ ಪ್ರೇಯಸಿಯನ್ನು ಮಾತ್ರ ದಯವಿಟ್ಟು ಕರೆದು ತರಬೇಡಿ.